ಕೂದಲೆಳೆಗಿಂತ ಸಣ್ಣ ಬಿಗಿ

ಅಮೆರಿಕದ ಓಹಾಯೊ ರಾಜ್ಯದ ಉತ್ತರದ ಅಂಚಿನಲ್ಲಿ, ಕ್ಲೀವ್‌ಲ್ಯಾಂಡ್ ಮತ್ತು ಟೊಲಿಡೊ ನಗರಗಳ ನಡುವೆ, ಪೋರ್ಟ್ ಕ್ಲಿಂಟನ್ ಎಂಬ ಪುಟ್ಟ ಊರಿದೆ. ಕ್ಲೀವ್‌ಲ್ಯಾಂಡ್ ಎಂದೊಡನೆ ಸಂಗೀತಪ್ರಿಯರಿಗೆ 1978ರಿಂದ ಅಲ್ಲಿ ನಡೆದು ಬಂದಿರುವ ತ್ಯಾಗರಾಜ ಆರಾಧನೆ ನೆನಪಾದೀತು. ಪೋರ್ಟ್ ಕ್ಲಿಂಟನ್ ಹೆಸರಾಗಿರುವುದು ಮಾತ್ರ ಮೀನಿಗೆ. ಈರಿ ಸರೋವರದಲ್ಲಿ ಸಿಗುವ ವಾಲೈ ಎಂಬ ಮೀನೆಂದರೆ ಊರಿನವರಿಗೆ ಅದೆಷ್ಟು ಅಭಿಮಾನವೆಂದರೆ, ಹೊಸ ವರ್ಷದ ಹಿಂದಿನ ರಾತ್ರಿ ಹನ್ನೆರಡು ಹೊಡೆಯುವಾಗ ಆ ಮೀನಿನ ದೈತ್ಯ ಪ್ರತಿಕೃತಿಯೊಂದನ್ನು ಎತ್ತರದಿಂದ ಕೆಳಗಿಳಿಸಿ ವರ್ಷವನ್ನು ಬರಮಾಡಿಕೊಳ್ಳುತ್ತಾರೆ.

ಈ ಊರಿನಿಂದ ಪಶ್ಚಿಮಕ್ಕೆ ಸರೋವರದ ದಡವನ್ನೇ ಹಿಡಿದು ಕೆಲವು ಮೈಲಿ ಸಾಗಿದರೆ ಬಯಲೊಂದು ಎದುರಾಗುತ್ತದೆ. ಗುಡ್ಡವಿಲ್ಲ, ಕಾಡಿಲ್ಲ. ಅಂಗೈಯಂತೆ ಚಪ್ಪಟೆಯಾದ ಹುಲ್ಲುನೆಲ. ದೂರದಲ್ಲಿ ಡೇವಿಸ್ ಬೆಸ್ ಅಣುವಿದ್ಯುತ್ ಸ್ಥಾವರದ ದೊಡ್ಡ ಶೈತ್ಯಗೋಪುರ. ಉತ್ತರಕ್ಕೆ ಕಣ್ಣು ಹಾಯುವವರೆಗೂ ನೀರು. ಇದೇ ಕ್ಯಾಂಪ್ ಪೆರಿ. ರೈಫಲ್ ಸ್ಪರ್ಧೆಯಲ್ಲಿ ತೊಡಗಿದ ಅಮೆರಿಕನ್ನರಿಗೆ ಇದು ಜೀವನದಲ್ಲಿ ಒಮ್ಮೆಯಾದರೂ ಹೋಗಿಬರಬೇಕಾದ ಕ್ಷೇತ್ರ. ಬೇಸಿಗೆ ಬಂತೆಂದರೆ ದೇಶದ ಮೂಲೆಮೂಲೆಗಳಿಂದ ಸ್ಪರ್ಧಾಳುಗಳು ಇಲ್ಲಿಗೆ ಬರುತ್ತಾರೆ. ಸೈನಿಕರು, ರೈತರು, ಶಿಕ್ಷಕರು, ನಿವೃತ್ತರು, ಅವರ ಜೊತೆಗೆ ಶಾಲಾ ಕಾಲೇಜುಗಳ ಹುಡುಗ ಹುಡುಗಿಯರು, ಮತ್ತು ಅವರನ್ನು ಕರೆತಂದ ತಂದೆತಾಯಿ.

ಅವರ ಸಾಮಾನಿನಲ್ಲಿ ರೈಫಲ್ ಒಂದೇ ಇರುವುದಿಲ್ಲ. ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿದ ತೋಟಾಗಳಿರುತ್ತವೆ. ಅವುಗಳಲ್ಲಿ ಬಹಳಷ್ಟು ಅಂಗಡಿಯಲ್ಲಿ ಕೊಂಡವಲ್ಲ, ಚಳಿಗಾಲದ ಸಂಜೆಗಳಲ್ಲಿ ಮನೆಯ ಮೇಜಿನ ಮೇಲೆ ಒಂದೊಂದಾಗಿ ಕೈಯಿಂದ ತುಂಬಿದವು.

ನೌಕಾಪತಿಯ ಹೆಸರಿನ ಬಯಲು

1813ರ ಸೆಪ್ಟೆಂಬರ್ 10ರಂದು ಆಲಿವರ್ ಹಜಾರ್ಡ್ ಪೆರಿ ಎಂಬ ಅಮೆರಿಕದ ನೌಕಾಧಿಕಾರಿ ಈರಿ ಸರೋವರದ ಮೇಲೆ ಬ್ರಿಟಿಷರ ನೌಕಾಪಡೆಯನ್ನು ಸೋಲಿಸಿದ. ಬಯಲಿಗೆ ಬಂದಿರುವುದು ಆತನ ಹೆಸರೇ. ರಾಷ್ಟ್ರೀಯ ಪಂದ್ಯಗಳು ಶುರುವಾದದ್ದು 1903ರಲ್ಲಿ, ನ್ಯೂಜೆರ್ಸಿಯ ಸೀ ಗರ್ಟ್‌ನಲ್ಲಿ. 1907ರಲ್ಲಿ ಅವು ಇಲ್ಲಿಗೆ ಬಂದವು. 1918ರಲ್ಲಿ ಹೊಸಬರಿಗೆ ಗುರಿ ಹೊಡೆಯುವುದನ್ನು ಕಲಿಸುವ ಶಾಲೆಯೊಂದು ಆರಂಭವಾಯಿತು. ಪಂದ್ಯಗಳ ಜೊತೆಗೇ ನಡೆಯುವ ಆ ಶಾಲೆ ಈಗಲೂ ಉಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪಂದ್ಯಗಳು ನಿಂತು, ಇಟಲಿ ಮತ್ತು ಜರ್ಮನಿಯ ಯುದ್ಧಕೈದಿಗಳನ್ನು ಇಲ್ಲಿ ಇರಿಸಲಾಗಿತ್ತು. ಕೈದಿಗಳಿದ್ದ ಕಾಲದ ಪುಟ್ಟ ಗುಡಿಸಲುಮನೆಗಳಲ್ಲೇ ಮುಂದೆ ಸ್ಪರ್ಧಾಳುಗಳು ತಂಗತೊಡಗಿದರು. 1998ರ ಸುಂಟರಗಾಳಿ ಕಟ್ಟಡಗಳಿಗೆ ಸಾಕಷ್ಟು ಹಾನಿ ಮಾಡಿದರೂ ಆ ವರ್ಷವೂ ಪಂದ್ಯ ನಡೆಯಿತು. 1996ರಲ್ಲಿ ಅಮೆರಿಕದ ಕಾಂಗ್ರೆಸ್ ಪಂದ್ಯಗಳ ಹೊಣೆಯನ್ನು ಸೇನೆಯಿಂದ ಬಿಡಿಸಿ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಎಂಬ ಪ್ರತ್ಯೇಕ ಸಂಸ್ಥೆಗೆ ಒಪ್ಪಿಸಿತು.

ಗುರಿಗಳೆಲ್ಲ ಸರೋವರದ ಕಡೆಗೇ ಇವೆ. ಗುರಿ ತಪ್ಪಿದ ಗುಂಡು ನೀರಿಗೆ ಬೀಳಬೇಕು ಎಂಬುದು ಲೆಕ್ಕಾಚಾರ. ಹಾಗಾಗಿ ಮೀನು ಹಿಡಿಯುವ ದೋಣಿಯೊಂದು ದಾರಿ ತಪ್ಪಿ ನಿಷೇಧಿತ ನೀರಿನೊಳಗೆ ಬಂದರೆ ಸಾಲಿನಲ್ಲಿರುವವರೆಲ್ಲ ಗುಂಡು ಹಾರಿಸುವುದನ್ನು ನಿಲ್ಲಿಸಿ ಕಾಯಬೇಕು. ದೋಣಿಯವನ ಗಾಳಕ್ಕೆ ಮೀನು ಬಿತ್ತೋ ಇಲ್ಲವೋ, ಇತ್ತ ಕಾದವರ ಏಕಾಗ್ರತೆ ಮಾತ್ರ ಹೋಗಿಯೇ ಬಿಡುತ್ತದೆ.

ಸ್ಪರ್ಧೆಯ ಕ್ರಮವೂ ನೋಡುವಂಥದು. 200 ಗಜ ದೂರದಿಂದ ನಿಂತು ನಿಧಾನವಾಗಿ 10 ಗುಂಡು. ಅದೇ ದೂರದಿಂದ ಕುಳಿತು ವೇಗವಾಗಿ 10. 300 ಗಜದಿಂದ ಮಲಗಿ ವೇಗವಾಗಿ 10. ಕೊನೆಗೆ 600 ಗಜದಿಂದ ಮಲಗಿ ನಿಧಾನವಾಗಿ 20. ಒಟ್ಟು 50 ಗುಂಡು, 500 ಅಂಕ. ಇದಲ್ಲದೆ 1000 ಗಜದ ಸ್ಪರ್ಧೆಗಳು ಬೇರೆ. 1000 ಗಜವೆಂದರೆ 914 ಮೀಟರ್, ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಅಷ್ಟು ದೂರದಲ್ಲಿ ಹತ್ತು ಅಂಕದ ವೃತ್ತದ ಅಗಲ 20 ಅಂಗುಲ. ಅದರೊಳಗೆ 10 ಅಂಗುಲದ ಇನ್ನೊಂದು ವೃತ್ತ. ಇಬ್ಬರ ಅಂಕ ಸಮನಾದಾಗ ಒಳವೃತ್ತಕ್ಕೆ ಹೆಚ್ಚು ಗುಂಡು ಹಾಕಿದವರೇ ಮೇಲು.

ಇಲ್ಲಿನ ರೂಢಿಯೊಂದು ಮಕ್ಕಳಿಗೆ ತೋರಿಸತಕ್ಕದ್ದು. ಒಬ್ಬ ಹಾರಿಸುವಾಗ ಅವನ ಅಂಕ ಬರೆದುಕೊಳ್ಳುವವನು ಇನ್ನೊಬ್ಬ ಸ್ಪರ್ಧಾಳು. ಗುರಿಫಲಕಗಳ ಕೆಳಗಿನ ಕಂದಕದಲ್ಲಿ ನಿಂತು, ಪ್ರತಿ ಹೊಡೆತಕ್ಕೂ ಫಲಕವನ್ನು ಇಳಿಸಿ, ತೂತಿಗೆ ಗುರುತಿನ ಬಿಲ್ಲೆ ಸಿಕ್ಕಿಸಿ ಮತ್ತೆ ಏರಿಸುವವರೂ ಸ್ಪರ್ಧಾಳುಗಳೇ. ಎದುರಾಳಿಯ ಗೆಲುವನ್ನು ತನ್ನ ಕೈಯಾರೆ ಬರೆಯಬೇಕು. ಈಚೆಗೆ ಒಂದು ಮೈದಾನಕ್ಕೆ ಎಲೆಕ್ಟ್ರಾನಿಕ್ ಫಲಕಗಳು ಬಂದಿದ್ದರೂ ಕಂದಕದ ಸೇವೆ ತೀರಾ ಮರೆಯಾಗಿಲ್ಲ.

ಹಿತ್ತಾಳೆಯ ಕಂಠ

ತೋಟಾ ಎಂದರೆ ಗುಂಡಷ್ಟೇ ಅಲ್ಲ, ನಾಲ್ಕು ವಸ್ತುಗಳ ಜೋಡಣೆ. ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಗುಂಡು. ಕೋಶವನ್ನು ಪುಟ್ಟ ಹೂಜಿಗೆ ಹೋಲಿಸಬಹುದು. ಅಗಲವಾದ ಹೊಟ್ಟೆ, ಇಳಿಜಾರಾದ ಭುಜ, ಮೇಲೆ ಸಪೂರವಾದ ಕಂಠ. ಆ ಕಂಠವೇ ಗುಂಡನ್ನು ಹಿಡಿದುಕೊಂಡಿರುವುದು. ಬೇರೆ ಅಂಟಿಲ್ಲ, ಬೆಸುಗೆಯಿಲ್ಲ.

ಗುಂಡು ಹಾರಿದಾಗ ಒಳಗಿನ ಒತ್ತಡಕ್ಕೆ ಕಂಠ ಹಿಗ್ಗಿ ಗುಂಡನ್ನು ಬಿಟ್ಟುಕೊಡುತ್ತದೆ. ಖಾಲಿ ಕೋಶವನ್ನು ಹೊರತೆಗೆದಾಗ ಅದರ ಕಂಠ ಎಷ್ಟು ಸಡಿಲವಾಗಿರುತ್ತದೆಂದರೆ ಹೊಸ ಗುಂಡು ಅದರಲ್ಲಿ ನಿಲ್ಲುವುದಿಲ್ಲ. ಕೋಶ ಕೆಟ್ಟಿಲ್ಲ, ಮತ್ತೆ ಬಳಸಬಹುದು. ಅದಕ್ಕೆ ಕಂಠವನ್ನು ಮೊದಲಿನ ಅಳತೆಗೆ ತರಬೇಕು. ಡೈ ಎಂಬ ಗಟ್ಟಿ ಉಕ್ಕಿನ ಅಚ್ಚಿನೊಳಗೆ ಕೋಶವನ್ನು ಪ್ರೆಸ್ಸಿನ ಸನ್ನೆಯಿಂದ ಒತ್ತಿದರೆ ಕಂಠ ಕಿರಿದಾಗುತ್ತದೆ.

ಎಷ್ಟು ಕಿರಿದಾಗಬೇಕು? ಕ್ಯಾಂಪ್ ಪೆರಿಯಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ .308 ಅಳತೆಯ ಗುಂಡಿನ ವ್ಯಾಸ ಅಂಗುಲದ 308 ಸಾವಿರಾಂಶ, ಅಂದರೆ 7.82 ಮಿಲಿಮೀಟರ್. ಕಂಠದ ಒಳ ಅಳತೆ ಇದಕ್ಕಿಂತ ಒಂದರಿಂದ ಮೂರು ಸಾವಿರಾಂಶ ಅಂಗುಲದಷ್ಟು ಕಡಿಮೆ ಇರಬೇಕು. ಆಗ ಒಳಗೆ ತಳ್ಳಿದ ಗುಂಡನ್ನು ಕಂಠ ಸ್ಪ್ರಿಂಗಿನಂತೆ ಬಿಗಿಹಿಡಿಯುತ್ತದೆ. ಎರಡು ಸಾವಿರಾಂಶ ಅಂಗುಲವೆಂದರೆ 0.05 ಮಿಲಿಮೀಟರ್. ಸಾಮಾನ್ಯ ತಲೆಗೂದಲು ಇದಕ್ಕಿಂತ ದಪ್ಪ! ನಮ್ಮ ಪಿಯುಸಿ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ಸ್ ಅಳೆಯಬಲ್ಲ ಅತಿ ಸಣ್ಣ ಅಳತೆ 0.1 ಮಿಲಿಮೀಟರ್. ಅದರ ಕಣ್ಣಿಗೆ ಈ ಬಿಗಿ ಬೀಳುವುದೇ ಇಲ್ಲ. 0.01 ಮಿಲಿಮೀಟರ್ ಅಳೆಯುವ ಸ್ಕ್ರೂ ಗೇಜ್ ಬೇಕು. ಅದರಲ್ಲೂ ಇದು ಬರೀ ಐದು ಗೆರೆ.

ವಿದ್ಯಾರ್ಥಿಗಳು ಸ್ಥಿತಿಸ್ಥಾಪಕತ್ವದ ಪಾಠವನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಹಿತ್ತಾಳೆಯನ್ನು ಒತ್ತಿ ಬಿಟ್ಟರೆ ಅದು ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ. ಮಿತಿ ಮೀರಿ ಒತ್ತಿದ ಪಾಲು ಮಾತ್ರ ಕಾಯಂ ಆಗಿ ಉಳಿಯುತ್ತದೆ. ಆದ್ದರಿಂದ ಬಿಗಿ ಹೆಚ್ಚಿಸುತ್ತಲೇ ಹೋದರೆ ಹಿಡಿತವೂ ಹೆಚ್ಚುತ್ತಲೇ ಹೋದೀತು ಎಂದುಕೊಳ್ಳುವಂತಿಲ್ಲ. ಒಂದು ಹಂತದ ಆಚೆ ಗುಂಡೇ ಬೆಣೆಯಂತೆ ಕಂಠವನ್ನು ಹಿಗ್ಗಿಸಿಬಿಡುತ್ತದೆ. ಶ್ರಮ ಹೆಚ್ಚು, ಫಲ ಅಷ್ಟೇ.

ಹಾಗಾದರೆ ಸರಿಯಾದ ಬಿಗಿ ಯಾವುದು? ಅದು ಕೆಲಸವನ್ನು ನೋಡಿಕೊಂಡು ಹೇಳಬೇಕಾದ ಮಾತು. ವೇಗದ ಸುತ್ತಿನಲ್ಲಿ ಮ್ಯಾಗಝೀನಿನಿಂದ ತೋಟಾ ಧಡ್ ಎಂದು ನುಗ್ಗಿ ರೈಫಲ್ಲಿನೊಳಗೆ ಕೂರುತ್ತದೆ. ಹಿಡಿತ ಸಡಿಲವಿದ್ದರೆ ಆ ಹೊಡೆತಕ್ಕೆ ಗುಂಡು ಜಾರೀತು. ಒಳಕ್ಕೆ ಜಾರಿದರೆ ಮದ್ದಿನ ಜಾಗ ಇಕ್ಕಟ್ಟಾಗಿ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಅಲ್ಲಿ ಕೊಂಚ ಹೆಚ್ಚು ಬಿಗಿಯೇ ಕ್ಷೇಮ. 1000 ಗಜದ ಸ್ಪರ್ಧೆಯಲ್ಲಿ ಒಂದೊಂದೇ ತೋಟಾವನ್ನು ಕೈಯಿಂದ ಮೆಲ್ಲಗೆ ಇಡುವವರಿಗೆ ಕಡಿಮೆ ಬಿಗಿ ಸಾಕು. ಆದರೆ ಇಬ್ಬರಿಗೂ ಒಂದು ಮಾತು ಅನ್ವಯಿಸುತ್ತದೆ: ಬಿಗಿ ಎಷ್ಟೇ ಇರಲಿ, ಮೊದಲ ತೋಟಾದಲ್ಲಿ ಇದ್ದಷ್ಟೇ ಇಪ್ಪತ್ತನೆಯದರಲ್ಲೂ ಇರಬೇಕು.

ಒಂದು ಗೇಣಿನ ಲೆಕ್ಕ

ಕಂಠಗಳ ಹಿಡಿತ ಒಂದೇ ಸಮನಾಗಿಲ್ಲದಿದ್ದರೆ ಮದ್ದು ಉರಿಯುವ ಆರಂಭದ ಕ್ಷಣಗಳಲ್ಲಿ ಒತ್ತಡ ಏರುವ ಬಗೆಯೂ ತೋಟಾದಿಂದ ತೋಟಾಕ್ಕೆ ಬದಲಾಗುತ್ತದೆ. ಅದರಿಂದ ಗುಂಡಿನ ವೇಗದಲ್ಲಿ ಏರುಪೇರು. ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿ ಹೊರಡುವ ಗುಂಡುಗಳ ನಡುವೆ ಒಂದು 10 ಮೀಟರ್ ಕಡಿಮೆ ವೇಗದಲ್ಲಿ ಹೊರಟಿತೆನ್ನಿ. 200 ಗಜದಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ. 1000 ಗಜ ತಲುಪುವಷ್ಟರಲ್ಲಿ ಆ ಗುಂಡು ಉಳಿದವುಗಳಿಗಿಂತ ಒಂದು ಗೇಣಿಗೂ ಹೆಚ್ಚು ಕೆಳಗೆ ಬೀಳುತ್ತದೆ. ಹತ್ತರ ವೃತ್ತದ ನಡುವಿನಿಂದ ಅಂಚಿಗೆ ಇರುವ ದೂರವೂ ಹೆಚ್ಚುಕಡಿಮೆ ಒಂದು ಗೇಣೇ. ಹತ್ತು ಒಂಬತ್ತಾಯಿತು. ಹೊಡೆದವನು ಉಸಿರು ಹಿಡಿದದ್ದು ಸರಿ, ಕುದುರೆ ಎಳೆದದ್ದೂ ಸರಿ. ತಪ್ಪು ನಡೆದದ್ದು ತಿಂಗಳುಗಳ ಹಿಂದೆ, ಮನೆಯ ಮೇಜಿನ ಮೇಲೆ.

ಅದಕ್ಕಾಗಿಯೇ ಆ ಮೇಜಿನ ಕೆಲಸ ಅಷ್ಟು ನಿಧಾನ. ಮೊದಲು ಒಂದೇ ತಯಾರಕರ, ಒಂದೇ ಕಂತಿನ, ಅಷ್ಟೇ ಸಲ ಬಳಸಿದ ಕೋಶಗಳನ್ನು ಬೇರೆ ಮಾಡುತ್ತಾರೆ. ಕಂಠದ ಗೋಡೆಯ ದಪ್ಪ ಎಲ್ಲ ಕಡೆ ಸಮವಿಲ್ಲದಿದ್ದರೆ ಹೊರಗಿನಿಂದ ತೆಳುವಾಗಿ ತುರಿದು ಸಮ ಮಾಡುತ್ತಾರೆ. ಆಮೇಲೆ ಡೈಯ ಆಯ್ಕೆ. ಹಳೆಯ ಮಾದರಿಯ ಡೈ ಕಂಠವನ್ನು ಬೇಕಾದ್ದಕ್ಕಿಂತ ಹೆಚ್ಚು ಹಿಸುಕಿ, ನಂತರ ಒಳಗಿನಿಂದ ಒಂದು ಗುಂಡಿಯನ್ನು ಎಳೆದು ಹಿಗ್ಗಿಸುತ್ತದೆ. ಹಿತ್ತಾಳೆಗೆ ಎರಡು ಕಡೆಯಿಂದಲೂ ಪೆಟ್ಟು. ಬುಶಿಂಗ್ ಎಂಬ ಬಿಡಿ ಉಂಗುರವಿರುವ ಡೈ ಇದಕ್ಕಿಂತ ನಾಜೂಕು. ಉಂಗುರಗಳು ಒಂದೊಂದು ಸಾವಿರಾಂಶ ಅಂಗುಲದ ಅಂತರದಲ್ಲಿ ಸಿಗುತ್ತವೆ. ಗುಂಡು ಕೂರಿಸಿದ ತೋಟಾದ ಕಂಠವನ್ನು ಹೊರಗಿನಿಂದ ಅಳೆದಾಗ 336 ಸಾವಿರಾಂಶ ಬಂತೆನ್ನಿ. ಎರಡು ಸಾವಿರಾಂಶದ ಬಿಗಿ ಬೇಕೆನ್ನುವವರು 334ರ ಉಂಗುರದಿಂದ ಶುರುಮಾಡುತ್ತಾರೆ. ಒಂದು ಕೋಶವನ್ನು ಒತ್ತಿ, ಅಳೆದು, ಹಿತ್ತಾಳೆ ಎಷ್ಟು ಪುಟಿದಿದೆ ಎಂದು ನೋಡಿ, ಬೇಕಿದ್ದರೆ ಉಂಗುರ ಬದಲಿಸುತ್ತಾರೆ. ಇನ್ನು ಕೆಲವರು ಕೊನೆಯಲ್ಲಿ ನಯವಾದ ಉಕ್ಕಿನ ಕಡ್ಡಿಯೊಂದನ್ನು ಕಂಠದೊಳಗೆ ತೂರಿಸಿ ಒಳ ಅಳತೆಯನ್ನು ಒಂದೇ ಸಮ ಮಾಡುತ್ತಾರೆ. ಕಂಠದೊಳಗಿನ ಮಸಿಯೂ ಲೆಕ್ಕಕ್ಕೆ ಬರುತ್ತದೆ. ಒಂದರಲ್ಲಿ ಮಸಿ ಇದ್ದು ಇನ್ನೊಂದನ್ನು ಉಜ್ಜಿ ಬೆಳಗಿದ್ದರೆ, ಅಳತೆ ಒಂದೇ ಆಗಿದ್ದರೂ ಘರ್ಷಣೆ ಬೇರೆ.

ಕೊನೆಯ ಪರೀಕ್ಷೆ ಕೈಯದು. ಗುಂಡನ್ನು ಕೂರಿಸುವಾಗ ಸನ್ನೆಯ ಮೇಲಿನ ಕೈಗೆ ಬಿಗಿ ತಿಳಿಯುತ್ತದೆ. ಬೆಣ್ಣೆಯಲ್ಲಿ ಇಳಿದಂತೆ ಇಳಿದದ್ದನ್ನೂ, ತಡೆದು ತಡೆದು ಇಳಿದದ್ದನ್ನೂ ಬೇರೆ ಎತ್ತಿಡುತ್ತಾರೆ. ಅವು ಅಭ್ಯಾಸಕ್ಕೆ, ಪಂದ್ಯಕ್ಕಲ್ಲ. ತಂಬೂರಿಯ ತಂತಿಯನ್ನು ಬಿರಡೆ ತಿರುವಿ ಶ್ರುತಿ ಸೇರಿಸುವವರಿಗೆ ಈ ಮಾತು ಬೇಗ ಅರ್ಥವಾದೀತು.

ಮಳೆಗಾಲ ಕಲಿಸಿದ ಪಾಠ

ಹಿತ್ತಾಳೆ ಹಟಮಾರಿ ಲೋಹ. ಬಡಿದಷ್ಟೂ ಗಡುಸಾಗುತ್ತದೆ. ಹಾರಿಸಿ, ಒತ್ತಿ, ಮತ್ತೆ ಹಾರಿಸಿ, ಮತ್ತೆ ಒತ್ತಿದಂತೆ ಕಂಠ ಬಿರುಸಾಗಿ ಮೊದಲಿಗಿಂತ ಹೆಚ್ಚು ಪುಟಿಯತೊಡಗುತ್ತದೆ. ಅದೇ ಡೈ, ಅದೇ ಉಂಗುರ, ಆದರೆ ಬಿಗಿ ಬೇರೆ. ಹಾಗೇ ಬಿಟ್ಟರೆ ಕೊನೆಗೊಂದು ದಿನ ಕಂಠ ಸೀಳುತ್ತದೆ. ಇದಕ್ಕೆ ಮದ್ದು ನಮ್ಮ ಹಿತ್ತಾಳೆ ಪಾತ್ರೆ ಮಾಡುವವರಿಗೂ ಗೊತ್ತಿರುವುದೇ. ಬಡಿತದ ನಡುನಡುವೆ ಲೋಹವನ್ನು ಕಾಯಿಸಿ ಹದಕ್ಕೆ ತರುವುದು. ತೋಟಾದ ಕೋಶದಲ್ಲಿ ಕಂಠ ಮತ್ತು ಭುಜವನ್ನಷ್ಟೇ ಕೆಲವು ಸೆಕೆಂಡು ಕಾಯಿಸುತ್ತಾರೆ. ಬುಡಕ್ಕೆ ಕಾವು ತಾಗಕೂಡದು. ಒತ್ತಡವನ್ನು ತಡೆಯುವ ಬುಡ ಮೆತ್ತಗಾದರೆ ಹಾರಿಸುವವರ ಮುಖಕ್ಕೇ ಅಪಾಯ.

ಈ ಪಾಠದ ಒಂದು ಅಧ್ಯಾಯ ಭಾರತಕ್ಕೆ ಸೇರಿದ್ದು. ಬ್ರಿಟಿಷರ ಆಳ್ವಿಕೆಯಲ್ಲಿ ಮಳೆಗಾಲದಲ್ಲಿ ಸೇನೆಯ ಚಟುವಟಿಕೆ ಕಡಿಮೆಯಾದಾಗ ತೋಟಾಗಳನ್ನು ಕುದುರೆಲಾಯಗಳಲ್ಲಿ ಇಡುತ್ತಿದ್ದರು. ಮಳೆ ಕಳೆದು ತೆಗೆದು ನೋಡಿದರೆ ಎಷ್ಟೋ ತೋಟಾಗಳು ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು, ಅದರಲ್ಲೂ ಗುಂಡನ್ನು ಬಿಗಿಹಿಡಿದ ಕಂಠದಲ್ಲಿ. ಇದಕ್ಕೆ ಋತುವಿನ ಬಿರುಕು ಎಂಬ ಹೆಸರೇ ಬಂತು. ಕಾರಣ ಸ್ಪಷ್ಟವಾದದ್ದು 1921ರಲ್ಲಿ, ಮೂರ್, ಬೆಕಿನ್ಸೇಲ್ ಮತ್ತು ಮಾಲಿನ್‌ಸನ್ ಎಂಬ ಸಂಶೋಧಕರಿಂದ. ಕುದುರೆಯ ಮೂತ್ರದಿಂದ ಏಳುವ ಅಮೋನಿಯ ಒಂದು ಕಡೆ, ತಯಾರಿಕೆಯಲ್ಲಿ ಎಳೆದು ಒತ್ತಿದ ಹಿತ್ತಾಳೆಯೊಳಗೆ ಉಳಿದುಹೋದ ಬಿಗುವು ಇನ್ನೊಂದು ಕಡೆ. ಎರಡೂ ಕೂಡಿದಾಗ ಲೋಹ ಸೀಳುತ್ತದೆ. ಕಾಯಿಸಿ ಬಿಗುವನ್ನು ಇಳಿಸಿದ ಹಿತ್ತಾಳೆ ಹೀಗೆ ಸುಲಭವಾಗಿ ಬಿರಿಯುವುದಿಲ್ಲ. ಇಂದಿಗೂ ಸೈನ್ಯದ ತೋಟಾಗಳ ಕಂಠದ ಬಳಿ ಕಾಣುವ ನೀಲಿಗಂದು ಕಲೆ ಆ ಕಾವಿನ ಗುರುತು.

ಗಾಳಿಯ ಮುಂದೆ

ಇಷ್ಟೆಲ್ಲ ಮಾಡಿ ಕ್ಯಾಂಪ್ ಪೆರಿಗೆ ಬಂದವರನ್ನು ಎದುರುಗೊಳ್ಳುವುದು ಸರೋವರದ ಗಾಳಿ. 1000 ಗಜ ಕ್ರಮಿಸಲು ಗುಂಡಿಗೆ ಒಂದೂವರೆ ಸೆಕೆಂಡಿಗೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಗಂಟೆಗೆ ಒಂದೇ ಮೈಲಿ ವೇಗದ ಅಡ್ಡಗಾಳಿ, ಅಂದರೆ ಕೆನ್ನೆಗೂ ಸರಿಯಾಗಿ ತಿಳಿಯದ ಗಾಳಿ, .308 ಗುಂಡನ್ನು ಸುಮಾರು ಒಂದು ಗೇಣು ಪಕ್ಕಕ್ಕೆ ಸರಿಸುತ್ತದೆ. ಬಾವುಟಗಳನ್ನು ನೋಡಬೇಕು, ದೂರದರ್ಶಕದಲ್ಲಿ ಬಿಸಿಲಿನ ಝಳ ಯಾವ ಕಡೆಗೆ ಹರಿಯುತ್ತಿದೆ ಎಂದು ನೋಡಬೇಕು. ನೋಡಿ ಮುಗಿಸುವಷ್ಟರಲ್ಲಿ ಅದು ದಿಕ್ಕು ಬದಲಿಸಿರುತ್ತದೆ.

ಹಾಗಿದ್ದ ಮೇಲೆ ಕೂದಲೆಳೆಯ ಬಿಗಿಗೆ ಇಷ್ಟೊಂದು ಸಂಜೆಗಳನ್ನು ಸುರಿಯುವುದೇಕೆ ಎಂದು ಯಾರಾದರೂ ಕೇಳಬಹುದು. ಇಂಗ್ಲೆಂಡಿನ ಬಿಸ್ಲಿಯಲ್ಲಿ 1890ರಿಂದ ನಡೆದು ಬಂದಿರುವ ಪಂದ್ಯಗಳಲ್ಲಿ ಟಾರ್ಗೆಟ್ ರೈಫಲ್ ವಿಭಾಗದವರಿಗೆಲ್ಲ ಅಲ್ಲಿಯೇ ಒಂದೇ ಬಗೆಯ ತೋಟಾ ಹಂಚುವ ಪದ್ಧತಿಯುಂಟು. ಎಲ್ಲರಿಗೂ ಒಂದೇ ತೋಟಾ, ಒಂದೇ ಗಾಳಿ, ಉಳಿದದ್ದು ಅವರವರ ಕೌಶಲ ಎಂಬುದು ಅಲ್ಲಿಯ ನ್ಯಾಯ. ಅದರಲ್ಲೂ ಹುರುಳಿದೆ. ಕೈಯಿಂದ ತುಂಬುವವರ ಉತ್ತರ ಬೇರೆ. ತೋಟಾಗಳು ಒಂದೇ ಸಮನಾಗಿದ್ದರೆ ಗುಂಡು ಸರಿದದ್ದು ಗಾಳಿಯಿಂದಲೇ ಎಂದು ಖಚಿತವಾಗಿ ಹೇಳಬಹುದು, ಮುಂದಿನ ಹೊಡೆತಕ್ಕೆ ತಿದ್ದಿಕೊಳ್ಳಬಹುದು. ತೋಟಾದ ಮೇಲೇ ಅನುಮಾನವಿದ್ದರೆ ತಪ್ಪು ಗಾಳಿಯದೋ, ಕೈಯದೋ, ಕಂಠದ್ದೋ ಎಂದು ತಿಳಿಯುವ ಬಗೆಯೇ ಇಲ್ಲ. ಆಗ ಪ್ರತಿ ತಿದ್ದುಪಡಿಯೂ ಹೊಸ ತಪ್ಪಾಗಬಹುದು.

ಈ ಬಯಲಿನ ಇತಿಹಾಸದಲ್ಲಿ ತಾಯಿ ಮಗಳ ಕಥೆಯೊಂದಿದೆ. 1998ರಲ್ಲಿ, ಸುಂಟರಗಾಳಿ ಬಂದ ಅದೇ ವರ್ಷ, ನ್ಯಾನ್ಸಿ ಟಾಂಪ್ಕಿನ್ಸ್ ಅಮೆರಿಕದ ಹೈಪವರ್ ರೈಫಲ್ ರಾಷ್ಟ್ರೀಯ ಚಾಂಪಿಯನ್ ಪಟ್ಟವನ್ನು ಗೆದ್ದ ಮೊದಲ ಮಹಿಳೆಯಾದರು. 2010ರಲ್ಲಿ ಆ ಪಟ್ಟವನ್ನು ಗೆದ್ದ ಎರಡನೆಯ ಮಹಿಳೆ ಅವರ ಮಗಳು, ಸೇನೆಯಲ್ಲಿದ್ದ ಶೆರಿ ಗ್ಯಾಲಗರ್. ಅದೇ ವರ್ಷ ಆಕೆ ಅಮೆರಿಕದ ಭೂಸೇನೆಯ ವರ್ಷದ ಸೈನಿಕ ಎಂಬ ಗೌರವಕ್ಕೂ ಪಾತ್ರರಾದರು. ಆ ಚಾಂಪಿಯನ್‌ಷಿಪ್ ಅನ್ನು ಅದರ ಸಂಘಟಕರು ಮುಂದೆ ಇಂಡಿಯಾನಾ ರಾಜ್ಯಕ್ಕೆ ಒಯ್ದರೂ, ರಾಷ್ಟ್ರೀಯ ಪಂದ್ಯಗಳು ಕ್ಯಾಂಪ್ ಪೆರಿಯಲ್ಲೇ ಮುಂದುವರಿದಿವೆ.

ಇದು ನೋಡಿ ತಿಳಿಯಬೇಕಾದ ವಿದ್ಯೆಯೇ ಹೊರತು ಮನೆಯಲ್ಲಿ ಮಾಡಿನೋಡುವಂಥದಲ್ಲ ಎಂಬುದನ್ನು ಮಕ್ಕಳೂ ಹಿರಿಯರೂ ಗಮನದಲ್ಲಿಡಬೇಕು. ಭಾರತದಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಅಮೆರಿಕದಲ್ಲೂ ಬಂದೂಕಿನಿಂದ ಆಗುತ್ತಿರುವ ಸಾವುನೋವು ದೊಡ್ಡ ಚರ್ಚೆಯ ವಿಷಯ. ಕ್ಯಾಂಪ್ ಪೆರಿಯ ಸಾಲಿನಲ್ಲಿ ಶಿಸ್ತು ಅಷ್ಟು ಬಿಗಿಯಾಗಿರುವುದೂ ಅದಕ್ಕೇ. ಅಪ್ಪಣೆಯಿಲ್ಲದೆ ರೈಫಲ್ ಮುಟ್ಟುವಂತಿಲ್ಲ. ಗುಂಡಿನ ಸಾಲು ಸುರಕ್ಷಿತ ಎಂಬ ಘೋಷಣೆಯಾಗದೆ ಯಾರೂ ಮುಂದೆ ಹೆಜ್ಜೆ ಇಡುವಂತಿಲ್ಲ.

ಸಂಜೆ ಕೊನೆಯ ಸುತ್ತು ಮುಗಿದ ಮೇಲೆ ಹುಲ್ಲಿನಲ್ಲಿ ಬಾಗಿ ಖಾಲಿ ಕೋಶಗಳನ್ನು ಆಯ್ದುಕೊಳ್ಳುವವರು ಕಾಣುತ್ತಾರೆ. ಗೆದ್ದವರೂ ಆಯುತ್ತಾರೆ, ಸೋತವರೂ ಆಯುತ್ತಾರೆ. ಒಂದೊಂದನ್ನೇ ಎತ್ತಿ ಕಂಠವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಸೀಳು ಬಿಟ್ಟದ್ದನ್ನು ಗುಜರಿ ಡಬ್ಬಕ್ಕೆ ಹಾಕುತ್ತಾರೆ. ಉಳಿದವು ಪೆಟ್ಟಿಗೆ ಸೇರಿ, ಬರುವ ಚಳಿಗಾಲದ ಸಂಜೆಗಳಿಗಾಗಿ ಊರಿಗೆ ಹೊರಡುತ್ತವೆ.